ಆಪತ್ಕಾಲದ ಆನಂದ

ಸುಖದ ದಿನಗಳಲ್ಲಿ ಸಂತೋಷದಿಂದಿರುವುದು ಯಾರಿಗೂ ಕಲಿಸಬೇಕಾದ ವಿದ್ಯೆಯಲ್ಲ. ಹೊಲದಲ್ಲಿ ಬೆಳೆಯೂ ಮನೆಯಲ್ಲಿ ಆರೋಗ್ಯವೂ ಮಕ್ಕಳ ಮುಖದಲ್ಲಿ ನಗುವೂ ಇರುವಾಗ ಚಿತ್ತವು ತಾನಾಗಿಯೇ ಪ್ರಸನ್ನವಾಗುವುದು. ಅವು ಒಂದೊಂದಾಗಿ ಕೈಬಿಟ್ಟ ಮೇಲೂ ಮನುಷ್ಯನು ಆನಂದದಿಂದ, ಶಾಂತಿಯಿಂದ ಇರಬಲ್ಲನೇ ಎಂಬುದೇ ಧರ್ಮಜಿಜ್ಞಾಸುಗಳ ಮುಂದಿರುವ ಹಳೆಯ ಪ್ರಶ್ನೆ. ಇರಬಲ್ಲನೆಂದು ಕ್ರೈಸ್ತಮತವು ಹೇಳುತ್ತದೆ. ಅಷ್ಟೇ ಅಲ್ಲ, ಕಷ್ಟದ ನಡುವಣ ಆನಂದವನ್ನು ವಿಶ್ವಾಸಿಯ ಲಕ್ಷಣಗಳಲ್ಲಿ ಒಂದೆಂದು ಎಣಿಸುತ್ತದೆ. ಈ ಮಾತನ್ನು ಕೇಳಿದವರಿಗೆ ಎರಡು ಸಂಶಯಗಳು ಹುಟ್ಟುವುದು ಸಹಜ. ದುಃಖದಲ್ಲಿ ಆನಂದವೆಂಬುದು ಆತ್ಮವಂಚನೆಯಲ್ಲವೇ? ಒಂದು ವೇಳೆ ಅದು ನಿಜವೇ ಆದರೂ, ಸುತ್ತಲಿನವರು ಅಳುತ್ತಿರುವಾಗ ಒಬ್ಬನು ಮಾತ್ರ ಶಾಂತನಾಗಿ ಕುಳಿತಿರುವುದು ಧರ್ಮವೇ? ಈ ಸಂಶಯಗಳು ಉಪದೇಶದಿಂದ ನೀಗತಕ್ಕವಲ್ಲ. ಬಾಳಿ ತೋರಿಸಿದವರ ಚರಿತ್ರೆಯಿಂದಲೇ ಇವುಗಳ ನಿರ್ಣಯವಾಗಬೇಕು.

ಮೊದಲು ಶಬ್ದಗಳ ವಿಚಾರವನ್ನು ಸ್ವಲ್ಪ ನೋಡಬಹುದು. ಸಂಸ್ಕೃತದ ‘ಶಾಂತಿ’ಯು ‘ಶಮ್’ ಎಂಬ ಧಾತುವಿನಿಂದ ಬಂದುದು. ಅಡಗುವುದು, ತಣಿಯುವುದು, ಉಪಶಮನವಾಗುವುದು ಎಂದು ಅದರ ಅರ್ಥ. ಅಲೆಯಡಗಿದ ಕೊಳದಂತೆ, ಉರಿಯಾರಿದ ದೀಪದಂತೆ ಮನಸ್ಸು ನಿಶ್ಚಲವಾಗುವ ಸ್ಥಿತಿಯು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಯೆಹೂದ್ಯರ ಹೀಬ್ರೂ ಭಾಷೆಯಲ್ಲಿ ಇದಕ್ಕೆ ಸಮನಾದ ಶಬ್ದ ‘ಶಾಲೋಮ್’. ಅದರ ಮೂಲಾರ್ಥವು ಪೂರ್ಣತೆ. ಯಾವುದೂ ಮುಕ್ಕಾಗದೆ ಇಡಿಯಾಗಿರುವಿಕೆ. ಒಂದು ಮಾತು ತಣಿವನ್ನು ನೆನಪಿಗೆ ತರುತ್ತದೆ, ಇನ್ನೊಂದು ತುಂಬುವಿಕೆಯನ್ನು. ಕ್ರೈಸ್ತರ ಹೊಸ ಒಡಂಬಡಿಕೆಯು ಗ್ರೀಕ್ ಭಾಷೆಯಲ್ಲಿ ರಚಿತವಾದರೂ, ಅದು ಶಾಂತಿಯೆಂದು ಹೇಳುವಾಗ ಈ ಪೂರ್ಣತೆಯ ಭಾವವೇ ಹಿನ್ನೆಲೆಯಲ್ಲಿರುತ್ತದೆ. ಅದೇ ಗ್ರೀಕಿನಲ್ಲಿ ಆನಂದಕ್ಕೆ ‘ಖರಾ’ ಎಂತಲೂ ಕೃಪೆಗೆ ‘ಖಾರಿಸ್’ ಎಂತಲೂ ಹೆಸರು. ಎರಡೂ ಒಂದೇ ಮೂಲದಿಂದ ಹೊರಟವು. ಕ್ರೈಸ್ತರ ಆನಂದವು ಸಾಧಿಸಿ ಪಡೆದ ಸಿದ್ಧಿಯೆಂಬುದಕ್ಕಿಂತ ಕೈಯೊಡ್ಡಿ ಸ್ವೀಕರಿಸಿದ ದಾನವೆಂಬುದಕ್ಕೆ ಹತ್ತಿರವಾದುದೆಂದು ಈ ಶಬ್ದಸಂಬಂಧವೇ ಸೂಚಿಸುತ್ತದೆ.

ಈ ಆನಂದದ ವಿಷಯವಾಗಿ ಕ್ರೈಸ್ತರು ಮತ್ತೆ ಮತ್ತೆ ತೆರೆದು ನೋಡುವ ಗ್ರಂಥಭಾಗವು ಪೌಲನು ಫಿಲಿಪ್ಪಿ ಎಂಬ ಊರಿನ ವಿಶ್ವಾಸಿಗಳಿಗೆ ಬರೆದ ಪತ್ರಿಕೆ. ಕ್ರಿಸ್ತಶಕ ಮೊದಲನೆಯ ಶತಮಾನದ ಮಧ್ಯಭಾಗದ ಆಚೀಚೆ, ಸೆರೆಯಲ್ಲಿದ್ದುಕೊಂಡು ಅವನು ಅದನ್ನು ಬರೆದನು. ತನಗೆ ಬಿಡುಗಡೆಯಾಗುವುದೋ ಮರಣದಂಡನೆಯಾಗುವುದೋ ಎಂಬುದು ಅವನಿಗೆ ತಿಳಿಯದು. ಆದರೂ ನಾಲ್ಕೇ ಅಧ್ಯಾಯಗಳ ಆ ಪುಟ್ಟ ಪತ್ರಿಕೆಯಲ್ಲಿ ಆನಂದವೆಂಬ ಮಾತು ಮರಳಿ ಮರಳಿ ಬರುತ್ತದೆ. ಇಷ್ಟನ್ನೇ ನೋಡಿದವರು ಪೌಲನನ್ನು ಕಲ್ಲೆದೆಯವನೆಂದು ಭಾವಿಸಬಹುದು. ಹಾಗಲ್ಲವೆಂಬುದಕ್ಕೆ ಅದೇ ಪತ್ರಿಕೆಯಲ್ಲಿ ಪ್ರಮಾಣವುಂಟು. ಫಿಲಿಪ್ಪಿಯವರ ಕಾಣಿಕೆಯನ್ನು ಹೊತ್ತು ಸೆರೆಮನೆಗೆ ಬಂದ ಎಪಫ್ರೊದೀತನೆಂಬ ಗೆಳೆಯನು ಬೇನೆ ಬಿದ್ದು ಮೃತ್ಯುಮುಖದವರೆಗೆ ಹೋಗಿ ಉಳಿದುಕೊಂಡನು. ಅವನು ಸತ್ತಿದ್ದರೆ ಇರುವ ದುಃಖದ ಮೇಲೆ ಮತ್ತೊಂದು ದುಃಖವು ತನಗೆ ಒದಗುತ್ತಿತ್ತೆಂದೂ, ದೇವರು ಇಬ್ಬರನ್ನೂ ಕರುಣಿಸಿದನೆಂದೂ ಪೌಲನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಆನಂದವನ್ನು ಬೋಧಿಸುವ ಕೈಯೇ ದುಃಖದ ಲೆಕ್ಕವನ್ನೂ ಬರೆಯುತ್ತದೆ. ಅಲ್ಲದೆ, ಕೊರತೆಯಲ್ಲಿಯೂ ಸಮೃದ್ಧಿಯಲ್ಲಿಯೂ ತೃಪ್ತನಾಗಿರುವುದು ತಾನು ಕಲಿತುಕೊಂಡ ವಿದ್ಯೆಯೆಂಬುದು ಅವನ ಅಭಿಪ್ರಾಯ. ಕಲಿತುದೆಂದ ಮೇಲೆ ಕಲಿಯುವ ಮುಂಚಿನ ಕಾಲವೊಂದು ಇರಲೇಬೇಕು. ಕ್ರಿಸ್ತನು ಕೂಡ ಗೆಳೆಯನ ಸಮಾಧಿಯ ಮುಂದೆ ಅತ್ತನೆಂದೂ, ಮರಣದ ಹಿಂದಿನ ರಾತ್ರಿ ತೋಟದಲ್ಲಿ ಬಹಳ ವ್ಯಾಕುಲಪಟ್ಟನೆಂದೂ ಸುವಾರ್ತೆಗಳು ಹೇಳುತ್ತವೆ. ಗುರುವೇ ಅತ್ತಿರುವ ಮತದಲ್ಲಿ ಕಣ್ಣೀರನ್ನು ಅವಿಶ್ವಾಸವೆಂದು ಎಣಿಸುವಂತಿಲ್ಲ.

ಇಷ್ಟು ಶಾಸ್ತ್ರದ ಮಾತು. ಇದು ಬಾಳಿನಲ್ಲಿ ಹೇಗೆ ಕೂಡಿಬಂದಿತೆಂಬುದಕ್ಕೆ ಉದಾಹರಣೆಯನ್ನು ದೂರದ ದೇಶಗಳಲ್ಲಿ ಹುಡುಕಬೇಕಾಗಿಲ್ಲ. ತುಂಗಾ, ಭದ್ರಾ, ನೇತ್ರಾವತೀ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಹುಟ್ಟಿದ ಪಂಡಿತಾ ರಮಾಬಾಯಿಯವರ ಚರಿತ್ರೆಯೇ ಸಾಕು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು, ಘನವಾದ ಸಂಸ್ಕೃತ ವಿದ್ವಾಂಸರು. ಹೆಂಡತಿಗೆ ದೇವಭಾಷೆಯನ್ನು ಕಲಿಸಲು ಹೊರಟು, ಬಂಧುಬಳಗದ ವಿರೋಧವನ್ನು ಕಟ್ಟಿಕೊಂಡು, ಕಾಡಿನಲ್ಲಿ ಮನೆ ಮಾಡಿದವರು. ರಮಾಬಾಯಿಯವರು ಆರು ತಿಂಗಳ ಕೂಸಾಗಿರುವಾಗ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಕೂಸು ಬೆತ್ತದ ಬುಟ್ಟಿಯೊಳಗೆ, ಆಳಿನ ತಲೆಯ ಮೇಲೆ ಘಟ್ಟವನ್ನಿಳಿಯಿತು. ತಾಯಿ ಲಕ್ಷ್ಮೀಬಾಯಿಯವರ ಬಾಯಿಂದ ಕೇಳಿ ಮಗಳು ಭಾಗವತವನ್ನು ಕಂಠಪಾಠ ಮಾಡಿದಳು. ಊರೂರಿನ ದೇವಾಲಯಗಳಲ್ಲಿ ಪುರಾಣ ಹೇಳುವುದೇ ಆ ಕುಟುಂಬದ ಜೀವನೋಪಾಯವಾಗಿತ್ತು.

ಧಾತು, ಈಶ್ವರ ಸಂವತ್ಸರಗಳ ಬರಗಾಲವೆಂದು ಕನ್ನಡನಾಡಿನ ಹಿರಿಯರು ಹೇಳುತ್ತಿದ್ದ ಮಹಾಕ್ಷಾಮವು 1876ರಿಂದ 1878ರ ವರೆಗೆ ದಕ್ಷಿಣದೇಶವನ್ನು ಸುಟ್ಟಿತು. ಅದಕ್ಕೆ ಎರಡು ಮೂರು ವರ್ಷ ಮುಂಚಿನಿಂದಲೇ ಮದರಾಸು ಸೀಮೆಯಲ್ಲಿ ಅನ್ನದ ಅಭಾವವು ತಲೆದೋರಿತ್ತು. ಇದ್ದ ಹಣವನ್ನೆಲ್ಲ ಕುಟುಂಬವು ದಾನಧರ್ಮಗಳಿಗೂ ವ್ರತಗಳಿಗೂ ವೆಚ್ಚಮಾಡಿತು. ಹಣ ತೀರಿದ ಮೇಲೆ ಒಡವೆಗಳನ್ನೂ ಪಾತ್ರೆಗಳನ್ನೂ ಮಾರಿತು. ಭಿಕ್ಷೆ ಬೇಡಲು ಅಭಿಮಾನ ಅಡ್ಡಬಂದಿತು. ಮೈಮುರಿದು ದುಡಿಯುವ ಕೆಲಸವನ್ನು ಯಾರೂ ಕಲಿತಿರಲಿಲ್ಲ. ಕಡೆಗೆ ಸಾಯುವುದಾದರೆ ಅರಣ್ಯದಲ್ಲಿಯೇ ಸಾಯೋಣವೆಂದು ಕಾಡನ್ನು ಹೊಕ್ಕು ಹನ್ನೊಂದು ದಿನ ನೀರು, ಎಲೆ, ಕಾಡುಹಣ್ಣುಗಳಿಂದ ಜೀವ ಹಿಡಿದರು. ತಂದೆ, ತಾಯಿ, ಅಕ್ಕ ಮೂವರೂ ಕೆಲವೇ ತಿಂಗಳುಗಳ ಅಂತರದಲ್ಲಿ ತೀರಿಹೋದರು. ಉಳಿದವರು ಅಣ್ಣ ಶ್ರೀನಿವಾಸನೂ ತಂಗಿ ರಮೆಯೂ. ಇಬ್ಬರೂ ಕಾಲ್ನಡೆಯಲ್ಲಿ ಉತ್ತರದೇಶದ ವರೆಗೆ ಅಲೆದರು. ಪಂಜಾಬಿನ ಝೇಲಂ ನದಿಯ ದಡದಲ್ಲಿ, ಹೊದೆಯಲು ಬಟ್ಟೆಯಿಲ್ಲದ ಚಳಿಯಿರುಳಿನಲ್ಲಿ, ಸಮಾಧಿಯಂತಹ ಎರಡು ಗುಂಡಿಗಳನ್ನು ತೋಡಿ, ತಲೆಯೊಂದನ್ನು ಬಿಟ್ಟು ಮಿಕ್ಕ ಮೈಯನ್ನೆಲ್ಲ ಒಣಮರಳಿನಿಂದ ಮುಚ್ಚಿಕೊಂಡು ರಾತ್ರಿಯನ್ನು ಕಳೆದುದಾಗಿ ರಮಾಬಾಯಿಯವರೇ ಬರೆದಿರುವರು.

1878ರಲ್ಲಿ ಕಲಕತ್ತೆಯ ವಿದ್ವಾಂಸರು ಅವರನ್ನು ಪರೀಕ್ಷಿಸಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. ಕೀರ್ತಿಯು ಬಂದಿತು, ಮನಸ್ಸಿನ ಪ್ರಶ್ನೆಯು ಹೋಗಲಿಲ್ಲ. ಇಷ್ಟು ಜಪತಪಗಳನ್ನು ಮಾಡಿದ ತಂದೆಗೆ ಫಲವು ಏಕೆ ದೊರೆಯಲಿಲ್ಲ? ಪುಣ್ಯವು ಕೂಡಿಸಿಟ್ಟ ಹಣದಂತಿದ್ದರೆ ಕಷ್ಟಕಾಲದಲ್ಲಿ ಅದು ಏಕೆ ಒದಗಲಿಲ್ಲ? ನಿಷ್ಕಾಮಕರ್ಮವನ್ನು ಸಾರಿದ ದೇಶದಲ್ಲಿ ಈ ಪ್ರಶ್ನೆಗೆ ಉತ್ತರವೇ ಇಲ್ಲವೆಂದಲ್ಲ. ಆದರೆ ಹಸಿವಿನಿಂದ ಸತ್ತವರ ಮಗಳಿಗೆ ಆ ಉತ್ತರವು ನಾಟಲಿಲ್ಲವೆಂಬುದು ಸತ್ಯ. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಅವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ವಿವಾಹವಾದರು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರುವರಿಯಲ್ಲಿ ವಾಂತಿಭೇದಿಯಿಂದ ಪತಿಯು ಮರಣಹೊಂದಿದರು. ಇಪ್ಪತ್ತನಾಲ್ಕು ವರ್ಷ ತುಂಬುವುದರೊಳಗೆ ಒಂದು ಜೀವಕ್ಕೆ ಒದಗಿದ ದುಃಖಗಳಿವು.

ಮುಂದಿನ ಭಾಗವೇ ಆನಂದದ ವಿಚಾರಕ್ಕೆ ಮುಖ್ಯವಾದುದು. 1883ರಲ್ಲಿ ರಮಾಬಾಯಿಯವರು ಇಂಗ್ಲೆಂಡಿಗೆ ಹೋಗಿ, ವಾಂಟೇಜ್ ಎಂಬ ಊರಿನ ಸನ್ಯಾಸಿನಿಯರ ಮಠದಲ್ಲಿ ಇಳಿದುಕೊಂಡರು. ಆ ಸನ್ಯಾಸಿನಿಯರು ಲಂಡನ್ನಿನಲ್ಲಿ, ದಾರಿತಪ್ಪಿದವರೆಂದು ಲೋಕವು ಹೊರಗಟ್ಟಿದ ಹೆಂಗಸರಿಗೆ ಆಶ್ರಯವಿತ್ತು, ಅವರನ್ನು ಅಕ್ಕತಂಗಿಯರಂತೆ ನೋಡಿಕೊಳ್ಳುತ್ತಿದ್ದುದನ್ನು ಕಂಡು ಅವರು ಬೆರಗಾದರು. ಇಂತಹ ಕರುಣೆಯ ಮೂಲವೇನೆಂದು ಕೇಳಿದಾಗ, ಕ್ರಿಸ್ತನು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಕಥೆಯನ್ನು ಅವರಿಗೆ ಹೇಳಲಾಯಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಹೊಂದಿದರು. ಕಥೆಯು ಇಲ್ಲಿಗೆ ಮುಗಿದಿದ್ದರೆ, ಮತಾಂತರವಾಯಿತು, ಶಾಂತಿಯು ದೊರೆಯಿತು ಎಂಬ ಸುಲಭವಾದ ನೀತಿಯೊಂದು ಸಿಕ್ಕುತ್ತಿತ್ತು. ಆದರೆ ಹಾಗಾಗಲಿಲ್ಲವೆಂದು ಅವರೇ 1907ರಲ್ಲಿ ಬರೆದ ಅನುಭವಸಾಕ್ಷ್ಯದಲ್ಲಿ ಒಪ್ಪಿಕೊಂಡಿರುವರು. ದೀಕ್ಷೆಯಾದ ಮೇಲೆ ಸುಮಾರು ಎಂಟು ವರ್ಷ ಅವರ ಮನಸ್ಸು ತೃಪ್ತಿಯನ್ನು ಕಾಣಲಿಲ್ಲ. ಪಂಥಗಳು ಅನೇಕ, ಒಂದೊಂದಕ್ಕೂ ಒಂದೊಂದು ಸಿದ್ಧಾಂತ; ಪಾದ್ರಿಗಳೊಡನೆಯೂ ಗುರುವಾಗಿದ್ದ ಸನ್ಯಾಸಿನಿಯೊಡನೆಯೂ ದೀರ್ಘವಾದ ವಾದಗಳು ನಡೆದವು. ತಾನು ಕ್ರೈಸ್ತಮತವನ್ನು ಪಡೆದಿದ್ದೆನೇ ಹೊರತು ಕ್ರಿಸ್ತನನ್ನು ಪಡೆದಿರಲಿಲ್ಲವೆಂಬುದು ಅವರ ಮಾತಿನ ತಾತ್ಪರ್ಯ.

ಆ ಕೊರತೆಯು ತುಂಬಿದುದು 1891ರ ಸುಮಾರಿಗೆ. ವಿಲಿಯಂ ಹ್ಯಾಸ್ಲಂ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಚರಿತೆಯನ್ನು ಓದುತ್ತಿದ್ದಾಗ, ತಮಗೆ ಬೇಕಾದುದು ಇನ್ನಷ್ಟು ಜ್ಞಾನವಲ್ಲ, ಇನ್ನಷ್ಟು ಸುಕೃತವೂ ಅಲ್ಲ, ತಮ್ಮನ್ನು ಇದ್ದಂತೆಯೇ ಒಪ್ಪಿಸಿಬಿಡುವುದು ಎಂದು ಅವರಿಗೆ ಹೊಳೆಯಿತು. ಕನ್ನಡನಾಡಿನ ಓದುಗರಿಗೆ ಇದನ್ನು ತಿಳಿಸಲು ಶ್ರೀವೈಷ್ಣವರ ದೃಷ್ಟಾಂತವೊಂದು ನೆರವಾಗುವುದು. ಮರ್ಕಟಕಿಶೋರ ನ್ಯಾಯದಲ್ಲಿ ಕೋತಿಯ ಮರಿಯು ತಾಯಿಯ ಹೊಟ್ಟೆಯನ್ನು ತಾನೇ ಬಿಗಿದಪ್ಪಿ ಹಿಡಿಯಬೇಕು. ಹಿಡಿತ ಸಡಿಲಿದರೆ ಪತನ. ಮಾರ್ಜಾಲಕಿಶೋರ ನ್ಯಾಯದಲ್ಲಿ ಬೆಕ್ಕಿನ ಮರಿಯು ಏನನ್ನೂ ಹಿಡಿಯುವುದಿಲ್ಲ. ತಾಯಿಯೇ ಅದನ್ನು ಬಾಯಲ್ಲಿ ಕಚ್ಚಿಕೊಂಡು ಒಯ್ಯುವುದು. ತಂದೆಯ ಮನೆಯಲ್ಲಿಯೂ, ದೀಕ್ಷೆಯ ನಂತರದ ಎಂಟು ವರ್ಷಗಳಲ್ಲಿಯೂ ರಮಾಬಾಯಿಯವರು ಕೋತಿಮರಿಯಂತೆ ಮುಷ್ಟಿ ಬಿಗಿದುಕೊಂಡೇ ಇದ್ದರು. ಮೊದಲು ಹಿಡಿದುದು ವ್ರತಗಳನ್ನು, ಅನಂತರ ಸಿದ್ಧಾಂತಗಳನ್ನು. ಮುಷ್ಟಿಯನ್ನು ಬಿಟ್ಟ ಮೇಲೆಯೂ ಕೆಳಗೆ ಬೀಳಲಿಲ್ಲವೆಂಬ ಅರಿವೇ ಅವರ ಆನಂದದ ಮೂಲ. ಕ್ರೈಸ್ತರು ಕೃಪೆಯೆನ್ನುವುದು ಇದನ್ನೇ. ಪುಣ್ಯದ ಲೆಕ್ಕವನ್ನು ನೋಡಿ ಬರುವ ಸಮಾಧಾನವು ಲೆಕ್ಕ ತಪ್ಪಿದ ದಿನ ಹೊರಟುಹೋಗುವುದು. ಕ್ಷಾಮ, ವ್ಯಾಧಿ, ಮರಣಗಳೆಲ್ಲ ಲೆಕ್ಕವನ್ನು ತಪ್ಪಿಸುವ ಸಂಗತಿಗಳೇ. ಲೆಕ್ಕವನ್ನೇ ಆಧಾರ ಮಾಡಿಕೊಳ್ಳದ ಸಮಾಧಾನವನ್ನು ಅವು ಅಷ್ಟು ಸುಲಭವಾಗಿ ಕಸಿದುಕೊಳ್ಳಲಾರವು.

ಹೀಗಿರಲು, ಈ ಶಾಂತಿಯು ಇತರರ ದುಃಖವನ್ನು ಮರೆಸಿತೇ ಎಂಬ ಎರಡನೆಯ ಸಂಶಯವನ್ನು ನೋಡಬೇಕು. 1889ರಲ್ಲಿ ಬೊಂಬಾಯಿಯಲ್ಲಿ ರಮಾಬಾಯಿಯವರು ವಿಧವೆಯರಿಗಾಗಿ ‘ಶಾರದಾಸದನ’ವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ಒಯ್ದಿದ್ದರು. 1896ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮವು ತಲೆದೋರಿತೆಂಬ ವಾರ್ತೆ ಬಂದಾಗ ಅವರು ತಾವೇ ಹೊರಟುಹೋದರು. ಅಲ್ಲಿ ಎಲುಬುಗೂಡಾಗಿದ್ದ ಹುಡುಗಿಯರಲ್ಲಿ ಇಪ್ಪತ್ತು ವರ್ಷ ಹಿಂದಿನ ತಮ್ಮನ್ನೇ ಕಂಡರು. ಮುನ್ನೂರರಷ್ಟು ಹುಡುಗಿಯರನ್ನೂ ಹೆಂಗಸರನ್ನೂ ಕರೆತಂದರು. ಪುಣೆಯಲ್ಲಿ ಪ್ಲೇಗಿನ ಕಟ್ಟುಪಾಡುಗಳಿದ್ದುದರಿಂದ ಮೂವತ್ತು ಮೈಲಿ ಆಚೆಯ ಕೇಡಗಾಂವಿನ ಬಯಲಿನಲ್ಲಿ ಗುಡಾರಗಳನ್ನು ಹೊಡೆದು ನೆಲೆಗೊಳಿಸಿದರು. ಆ ನೆಲೆಗೆ ‘ಮುಕ್ತಿ’ ಎಂದು ಹೆಸರಾಯಿತು. ಗುಜರಾತಿನ ಕ್ಷಾಮದ ತರುವಾಯ, 1900ರ ವೇಳೆಗೆ ಅಲ್ಲಿದ್ದವರ ಸಂಖ್ಯೆಯು ಎರಡು ಸಾವಿರದ ಸಮೀಪಕ್ಕೆ ಬಂದಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ತಂದೆಯ ಕುಟುಂಬವು ಕೈಕೆಲಸವನ್ನರಿಯದೆ ಹಸಿವಿಗೆ ತುತ್ತಾದುದನ್ನು ಮಗಳು ಮರೆತಿರಲಿಲ್ಲ. ಮುಕ್ತಿಯಲ್ಲಿ ಬಾವಿಗಳನ್ನು ತೋಡಿಸಿದರು. ಹೊಲ, ತೋಟ, ಹೈನು, ನೇಯ್ಗೆ, ಹೊಲಿಗೆ, ಅಚ್ಚುಕೂಟಗಳು ನಡೆದವು. ಓದುಬರಹದೊಡನೆ ಪ್ರತಿಯೊಬ್ಬಳೂ ದುಡಿಮೆಯೊಂದನ್ನು ಕಲಿಯಬೇಕಾಗಿತ್ತು. ಕುರುಡಿಯರಿಗೆ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಕಲಿಸಿದರು. 1910ರ ದಶಕದಲ್ಲಿ, ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ತಾಯಿಮಗಳು ಕೂಡಿ ಒಂದು ಶಾಲೆಯನ್ನು ಸ್ಥಾಪಿಸಿದರು. ಕ್ರೈಸ್ತವಿಶ್ವಾಸವು ರಮಾಬಾಯಿಯವರ ಹಳೆಯ ಗಾಯವನ್ನು ಅಳಿಸಿಹಾಕಲಿಲ್ಲ. ಆ ಗಾಯದಿಂದಲೇ ಇತರರ ಗಾಯವನ್ನು ಗುರುತಿಸುವ ಕಣ್ಣನ್ನು ಕೊಟ್ಟಿತು. ತನ್ನ ಹೊರೆಯನ್ನು ತಾನೇ ಎಣಿಸುತ್ತ ಕುಳಿತವನಿಗೆ ಪರರ ಹೊರೆಗೆ ಹೆಗಲು ಕೊಡಲು ಬಿಡುವಿರದು. ಶಾಂತಿಯಿಂದ ಅವರಿಗೆ ದೊರೆತುದು ಆ ಬಿಡುವೇ.

ವಿರೋಧವೂ ಇಲ್ಲದಿರಲಿಲ್ಲ; ಅದನ್ನು ಮರೆಮಾಡುವುದು ನ್ಯಾಯವಲ್ಲ. ಮತವಿಷಯದಲ್ಲಿ ತಟಸ್ಥವೆಂದು ಆರಂಭವಾದ ಶಾರದಾಸದನದಲ್ಲಿ ಹುಡುಗಿಯರು ಕ್ರೈಸ್ತಪ್ರಾರ್ಥನೆಯತ್ತ ಒಲಿಯುತ್ತಿರುವರೆಂದು 1893ರಲ್ಲಿ ದೊಡ್ಡ ಗದ್ದಲವೆದ್ದಿತು. ಬೆಂಬಲವಾಗಿದ್ದ ರಾನಡೆ, ಭಂಡಾರಕರರಂತಹ ಸುಧಾರಕರು ಸಲಹಾಮಂಡಲಿಯಿಂದ ಹೊರಬಂದರು. ಅನೇಕ ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ತನಗೆ ಆನಂದವಿತ್ತುದನ್ನು ಇತರರಿಗೂ ಹಂಚಬೇಕೆಂಬ ಉತ್ಸಾಹಕ್ಕೂ, ಆಶ್ರಯ ಬೇಡಿ ಬಂದವರ ಸ್ವಾತಂತ್ರ್ಯಕ್ಕೂ ನಡುವಣ ಗೆರೆ ಎಲ್ಲಿರಬೇಕೆಂಬುದು ಆಗ ಎದ್ದ ಪ್ರಶ್ನೆ. ಆ ಪ್ರಶ್ನೆಯು ಕೇಳತಕ್ಕುದೇ ಆಗಿತ್ತು. ಆದರೆ ನೆರವು ಕುಗ್ಗಿ ನಿಂದೆಯು ಹೆಚ್ಚಿದ ಆ ದಿನಗಳ ತರುವಾಯವೇ ಅವರ ಬಾಳಿನ ಅತ್ಯಂತ ದೊಡ್ಡ ಕಾರ್ಯವು ನಡೆಯಿತೆಂಬುದೂ ಅಷ್ಟೇ ನಿಜ. ಲೋಕದ ಮೆಚ್ಚುಗೆಯ ಮೇಲೆ ನಿಂತ ಸಂತೋಷಕ್ಕೆ ಇಂತಹ ಸಹಿಷ್ಣುತೆ ಇರುವುದಿಲ್ಲ.

ಇನ್ನು ಮೊದಲನೆಯ ಸಂಶಯ. ಈ ಆನಂದವು ಆತ್ಮವಂಚನೆಯೇ? ವಂಚನೆಯಾಗಿದ್ದರೆ ಅದು ಕಡೆಯ ಪರೀಕ್ಷೆಯಲ್ಲಿ ಮುರಿದುಬೀಳಬೇಕಾಗಿತ್ತು. ತಮ್ಮ ನಂತರ ಮುಕ್ತಿಯ ಭಾರವನ್ನು ಹೊರುವಳೆಂದು ರಮಾಬಾಯಿಯವರು ನಂಬಿಕೊಂಡಿದ್ದ ಮಗಳು ಮನೋರಮೆಯು ನಲವತ್ತು ವರ್ಷದ ಪ್ರಾಯದಲ್ಲಿ, 1921ರ ಜುಲೈ ತಿಂಗಳಿನಲ್ಲಿ, ತಾಯಿಯ ಕಣ್ಣಮುಂದೆಯೇ ಗತಿಸಿದಳು. ಆ ಹೊತ್ತಿಗೆ ತಾಯಿಗೆ ಅರವತ್ತಮೂರು ವರ್ಷ, ಕಿವಿಯು ಮಂದವಾಗಿತ್ತು. ಸಾಮಾನ್ಯ ಸ್ತ್ರೀಯರಿಗೂ ತಿಳಿಯುವಂತಹ ಸುಲಭ ಮರಾಠಿಯಲ್ಲಿ ಬೈಬಲನ್ನು ಹೊಸದಾಗಿ ಭಾಷಾಂತರಿಸಲು ಅವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಅನೇಕ ವರ್ಷಗಳಿಂದ ಶ್ರಮಿಸುತ್ತಿದ್ದರು. ಮಗಳನ್ನು ಕಳೆದುಕೊಂಡ ಮೇಲೆಯೂ ಆ ಕೆಲಸವು ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ಅವರು ಕಾಲವಾದರು. ಸಮಗ್ರ ಭಾಷಾಂತರವು 1924ರಲ್ಲಿ ಮುಕ್ತಿಯ ಅಚ್ಚುಕೂಟದಿಂದಲೇ ಹೊರಬಂದಿತು. ಪುತ್ರಶೋಕದಲ್ಲಿಯೂ ನಗುತ್ತಿದ್ದರೆಂದು ಹೇಳುವುದು ಅವರಿಗೆ ಮಾಡುವ ಗೌರವವಲ್ಲ. ಶೋಕವಿದ್ದೂ ಕೈಯು ನಿಲ್ಲಲಿಲ್ಲ, ಆಶ್ರಯಕ್ಕೆ ಬಂದವರಿಗೆ ಬಾಗಿಲು ಮುಚ್ಚಲಿಲ್ಲ ಎಂಬುದು ಸತ್ಯವೂ ಸಾಕಾದುದೂ ಆದ ಮಾತು.

ಆದುದರಿಂದ ಕಷ್ಟಕಾಲದ ಆನಂದವೆಂಬುದನ್ನು ಮುಖದ ಕಾಂತಿಯಿಂದಾಗಲಿ ಕಣ್ಣೀರಿನ ಅಭಾವದಿಂದಾಗಲಿ ಅಳೆಯಬಾರದು. ಅದು ದುಃಖದ ಪಕ್ಕದಲ್ಲಿಯೇ ಇರುವ, ದುಃಖವು ಕಬಳಿಸಲಾರದ ಒಂದು ನೆಲೆ. ಆ ನೆಲೆಯಿರುವುದರ ಕುರುಹು, ದುಃಖಿತನಾದವನು ಇನ್ನೊಬ್ಬನ ದುಃಖಕ್ಕೆ ಎಡೆಮಾಡಿಕೊಡಬಲ್ಲನೆಂಬುದೇ. ಈ ಕುರುಹು ಕ್ರೈಸ್ತರಲ್ಲಿ ಮಾತ್ರ ಕಾಣುವುದೆಂದು ಹೇಳುವವನು ಲೋಕವನ್ನು ನೋಡಿರುವುದು ಸ್ವಲ್ಪವೇ. ಕ್ರೈಸ್ತರಲ್ಲಿ ಇಲ್ಲವೆಂದು ಹೇಳುವವನು ಕೇಡಗಾಂವಿನ ಚರಿತ್ರೆಯನ್ನು ಓದಿಲ್ಲ.

ಕಡೆಯದಾಗಿ ಒಂದು ಎಚ್ಚರಿಕೆಯ ಮಾತು. ಈ ಆನಂದವನ್ನು ಪರರಿಗೆ ವಿಧಿಸುವ ಅಧಿಕಾರವು ಯಾರಿಗೂ ಇಲ್ಲ. ಬೈಬಲಿನ ಯೋಬನ ಕಥೆಯಲ್ಲಿ, ಸರ್ವಸ್ವವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತವನ ಬಳಿಗೆ ಮೂವರು ಗೆಳೆಯರು ಬಂದು, ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಜತೆಯಲ್ಲಿ ನೆಲದ ಮೇಲೆ ಕುಳಿತರು. ಅಷ್ಟರ ವರೆಗೆ ಅವರ ನಡತೆಯು ನಿರ್ದೋಷವಾಗಿತ್ತು. ಬಾಯಿ ತೆರೆದು ಅವನ ಕಷ್ಟಕ್ಕೆ ಕಾರಣವನ್ನು ವಿವರಿಸಹೊರಟಾಗ ದೋಷವು ಆರಂಭವಾಯಿತು. ಪೌಲನು ಸೆರೆಯೊಳಗಿದ್ದು ಆನಂದವನ್ನು ಬೋಧಿಸಿದನು. ರಮಾಬಾಯಿಯವರು ಹಸಿವನ್ನು ಉಂಡವರಾಗಿ ಹಸಿದವರ ಬಳಿಗೆ ಹೋದರು. ಹೊರಗೆ ನಿಂತು ಒಳಗಿನವನಿಗೆ ಸಂತೋಷಪಡೆಂದು ಹೇಳುವ ಮಾತು ಸತ್ಯವಾಗಿದ್ದರೂ ಕೇಳುವವನಿಗೆ ಕ್ರೂರವಾಗುವುದು. ಶಾಂತಿಯನ್ನು ಕಂಡವನು ಅದನ್ನು ಹೇಳುವ ಮುಂಚೆ ದುಃಖಿಯ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಸಾಧ್ಯವಾದರೆ ಅವನಿಗಾಗಿ ಒಂದು ಬಾವಿಯನ್ನು ತೋಡಬೇಕು. ಮಾತಿನ ಸರದಿಯು ಅನಂತರ ಬಂದರೆ ಬರಲಿ.